ಒಳಗೋಡೆಯ ಕಿಟಕಿಗಳು

ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಆರ್ಚರ್ಡ್ ಬೀದಿಯ 97ನೇ ನಂಬರಿನ ಐದಂತಸ್ತಿನ ಇಟ್ಟಿಗೆ ಕಟ್ಟಡದೊಳಗೆ, ನೋಡಿದ ಕೂಡಲೇ ಅರ್ಥವಾಗದ ಒಂದು ಏರ್ಪಾಟಿದೆ. ಮುಂಕೋಣೆಗೂ ಅಡುಗೆಕೋಣೆಗೂ ನಡುವಿನ ಗೋಡೆಯಲ್ಲಿ, ಚೌಕಟ್ಟು ಗಾಜು ಎಲ್ಲವೂ ಸರಿಯಾಗಿರುವ ಕಿಟಕಿಯೊಂದನ್ನು ಕೂರಿಸಿದ್ದಾರೆ. ಅದರಾಚೆ ಬೀದಿಯಿಲ್ಲ, ಹಿತ್ತಿಲಿಲ್ಲ; ಅದೇ ಮನೆಯ ಇನ್ನೊಂದು ಕೋಣೆಯಿದೆ. ಈಗ ಟೆನೆಮೆಂಟ್ (ಅನೇಕ ಬಡ ಕುಟುಂಬಗಳು ಬಾಡಿಗೆಗಿರುವ ವಠಾರದಂಥ ಕಟ್ಟಡ) ಮ್ಯೂಸಿಯಂ ಆಗಿರುವ ಆ ಕಟ್ಟಡವನ್ನು ನೋಡಿ ಬಂದ ಮೇಲೆ, ಅಲ್ಲಿ ಜೋಡಿಸಿಟ್ಟ ಒಲೆ, ಪಾತ್ರೆ, ಹೊಲಿಗೆ ಯಂತ್ರಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ಕಿಟಕಿ. ಅಲಂಕಾರಕ್ಕೆಂದು ಅದನ್ನು ಯಾರೂ ಇಟ್ಟಿರಲಿಲ್ಲ. ಕತ್ತಲೆಯ ಕೋಣೆಗಳಿಗೆ ಕಿಟಕಿ ಇರಲೇಬೇಕೆಂದು ಕಾನೂನು ಹೇಳಿತು. ಹೊರಗೋಡೆಯೇ ಇಲ್ಲದ ಕೋಣೆಗೆ ಕಿಟಕಿಯನ್ನು ಒಳಗೋಡೆಯಲ್ಲಲ್ಲದೆ ಬೇರೆಲ್ಲಿ ಇಡಲು ಸಾಧ್ಯವಿತ್ತು?

ಕೈಗಾರಿಕೆಗಳು ಬೆಳೆಯುತ್ತಿದ್ದ ಕಾಲದ ಅಮೆರಿಕದ ನಗರಗಳನ್ನೂ ಅಲ್ಲಿಗೆ ಬಂದು ಸೇರಿದ ವಲಸಿಗರನ್ನೂ ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು, ಕೊಳಕು, ರೋಗ, ಹಸಿವುಗಳ ಕಣ್ಣೀರಿನ ದಾರಿ. ಇನ್ನೊಂದು, ಬರಿಗೈಯಲ್ಲಿ ಬಂದವರು ಕಷ್ಟಪಟ್ಟು ಮೇಲೆ ಬಂದರೆಂಬ ಹೆಮ್ಮೆಯ ದಾರಿ. ಎರಡರಲ್ಲೂ ಕಟ್ಟಡದ ಮಾಲೀಕ, ಅವನಿಗೆ ಸಾಲ ಕೊಟ್ಟವನು, ನಕ್ಷೆ ಬರೆದವನು, ಕಾನೂನು ಮಾಡಿದವನು ಇವರು ಯಾರೂ ಕಾಣಿಸಿಕೊಳ್ಳುವುದಿಲ್ಲ. ಆ ಬದುಕನ್ನು ರೂಪಿಸಿದ್ದು ಮುಖ್ಯವಾಗಿ ಜಮೀನಿನ ಅಳತೆ ಮತ್ತು ಬಾಡಿಗೆಯ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಆ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಕಿಟಕಿಗಳ ಕಥೆಯಷ್ಟು ಒಳ್ಳೆಯ ದಾರಿ ಬೇರೆಯಿಲ್ಲ.

ನ್ಯೂಯಾರ್ಕಿನಲ್ಲಿ ಜಮೀನನ್ನು 25 ಅಡಿ ಅಗಲ, 100 ಅಡಿ ಉದ್ದದ ನಿವೇಶನಗಳಾಗಿ ಮಾರುವ ರೂಢಿ ಬೆಳೆದಿತ್ತು. 1811ರ ಬೀದಿ ನಕ್ಷೆ ಆ ರೂಢಿಯನ್ನು ಮ್ಯಾನ್‌ಹ್ಯಾಟನ್ ದ್ವೀಪದ ಉತ್ತರ ಭಾಗಕ್ಕೂ ಹಬ್ಬಿಸಿತು. ಒಂದು ಕುಟುಂಬ ಮುಂದೆ ಮನೆ ಕಟ್ಟಿಕೊಂಡು ಹಿಂದೆ ಹಿತ್ತಿಲು ಬಿಟ್ಟುಕೊಳ್ಳಲು ಈ ಅಳತೆ ಸಾಕಾಗಿತ್ತು. ಆದರೆ ಅದೇ ನಿವೇಶನದ ಮೇಲೆ ಇಪ್ಪತ್ತು ಕುಟುಂಬಗಳನ್ನು ಕೂರಿಸಲು ಹೊರಟರೆ, ಕಟ್ಟಡ ಹಿಂದಕ್ಕೆ ಉದ್ದವಾಗಬೇಕು, ಇಲ್ಲವೇ ಮೇಲಕ್ಕೆ ಏರಬೇಕು. ಎರಡೂ ಪಕ್ಕಗಳಲ್ಲಿ ನೆರೆಯ ಕಟ್ಟಡದ ಗೋಡೆ ಅಂಟಿಕೊಂಡಿರುವುದರಿಂದ, ಬೆಳಕು ಬರುವುದು ಮುಂದಿನ ಮತ್ತು ಹಿಂದಿನ ಕೋಣೆಗಳಿಗೆ ಮಾತ್ರ. ನಡುವಿನ ಕೋಣೆಗಳು ಹಗಲಲ್ಲೂ ಕತ್ತಲೆ. ಹಳೆಯ ಶೈಲಿಯ ಕಟ್ಟಡಗಳಲ್ಲಿ ಕೋಣೆಗಳು ಒಂದರ ಹಿಂದೆ ಒಂದು ಸಾಲಾಗಿದ್ದು, ಒಂದು ಕೋಣೆಗೆ ಹೋಗಬೇಕಾದರೆ ಇನ್ನೊಂದನ್ನು ಹಾಯ್ದೇ ಹೋಗಬೇಕಿತ್ತು.

ಆರ್ಚರ್ಡ್ ಬೀದಿಯ ಆ ಕಟ್ಟಡವನ್ನು 1863ರಲ್ಲಿ ಕಟ್ಟಿಸಿದವನು ಲೂಕಸ್ ಗ್ಲಾಕ್ನರ್ ಎಂಬ ಜರ್ಮನ್ ದರ್ಜಿ. ಅವನೂ ವಲಸಿಗನೇ, ಕೆಲವು ಕಾಲ ಅಲ್ಲೇ ವಾಸವಾಗಿದ್ದವನು. ಈ ಕಥೆಯಲ್ಲಿ ಮಾಲೀಕರೆಲ್ಲ ಕೋಟು ತೊಟ್ಟ ಹಳೆಯ ಶ್ರೀಮಂತರಲ್ಲ ಎಂಬುದನ್ನು ನೆನಪಿಡಬೇಕು. ಅಂತಸ್ತಿಗೆ ನಾಲ್ಕು ಮನೆ. ಪ್ರತಿ ಮನೆಯಲ್ಲಿ ಮೂರು ಕೋಣೆ, ಒಟ್ಟು ಸುಮಾರು 325 ಚದರಡಿ. ಮೂರರಲ್ಲಿ ಒಂದಕ್ಕೆ ಮಾತ್ರ ಹೊರಗಿನ ಕಿಟಕಿ. ಶೌಚಾಲಯಗಳು ಹಿತ್ತಿಲಲ್ಲಿದ್ದವು, ನಾಲ್ಕನೆಯ ಅಂತಸ್ತಿನ ಹೆಂಗಸು ರಾತ್ರಿ ಮಗುವನ್ನು ಎತ್ತಿಕೊಂಡು ದೀಪವಿಲ್ಲದ ಮೆಟ್ಟಿಲುಗಳನ್ನು ಇಳಿದು ಅಲ್ಲಿಗೆ ಹೋಗಬೇಕಿತ್ತು. ನೀರನ್ನೂ ಕೆಳಗಿನಿಂದಲೇ ಹೊತ್ತು ತರಬೇಕಿತ್ತು. ಕ್ರೋಟನ್ ನದಿಯ ನೀರನ್ನು ನಗರಕ್ಕೆ ತರುವ ಕಾಲುವೆ 1842ರಲ್ಲೇ ಮುಗಿದಿತ್ತು ನಿಜ, ಆದರೆ ನಗರಕ್ಕೆ ಬಂದ ನೀರು ಬಡವರ ಮನೆಯ ಒಳಗೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1863ರಿಂದ 1935ರವರೆಗೆ ಸುಮಾರು 7,000 ಜನ ಈ ಒಂದು ಕಟ್ಟಡದಲ್ಲಿ ಬಾಳಿದರೆಂದು ಮ್ಯೂಸಿಯಂ ಲೆಕ್ಕ ಹಾಕಿದೆ.

ಇಷ್ಟು ಇಕ್ಕಟ್ಟಿನಲ್ಲಿ ಅವರು ಯಾಕೆ ಇದ್ದರು? ಬೇರೆಡೆ ಹೋಗಬಹುದಿತ್ತಲ್ಲ? ಈ ಪ್ರಶ್ನೆಯನ್ನು ಅಂದಿನ ಪತ್ರಿಕೆಗಳೂ ಕೇಳುತ್ತಿದ್ದವು, ಕೇಳಿ ವಲಸಿಗರ ಸ್ವಭಾವದಲ್ಲಿ ಉತ್ತರ ಹುಡುಕುತ್ತಿದ್ದವು. ಉತ್ತರ ಇದ್ದದ್ದು ಕೆಲಸದಲ್ಲಿ. 1840ರ ದಶಕದ ಆಲೂಗಡ್ಡೆ ಬರಗಾಲದಿಂದ ತಪ್ಪಿಸಿಕೊಂಡು ಬಂದ ಐರಿಷರಿಗೆ ಬಂದರಿನ ಕೂಲಿ. ಜರ್ಮನರಿಗೆ ಮರಗೆಲಸ, ಬಿಯರ್ ತಯಾರಿಕೆ, ದರ್ಜಿ ಕೆಲಸ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯ ನಂತರ ನಡೆದ ದಾಳಿಗಳಿಂದ ಓಡಿಬಂದ ಯಹೂದಿಗಳಿಗೆ ಸಿದ್ಧ ಉಡುಪು. ದಕ್ಷಿಣ ಇಟಲಿಯ ರೈತರಿಗೆ ಮಣ್ಣು ಅಗೆಯುವ, ಕಲ್ಲು ಹೊರುವ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದು, ಆ ದಿನದ ಕೆಲಸ ಸಿಕ್ಕೀತೋ ಇಲ್ಲವೋ ಎಂದು ಬೆಳಗ್ಗೆಯೇ ಬಂದರಿನಲ್ಲೋ ಬೀದಿಯ ಮೂಲೆಯಲ್ಲೋ ನಿಲ್ಲಬೇಕಾದವನು, ನಡೆದು ಹೋಗುವಷ್ಟು ದೂರದಲ್ಲೇ ಇರಬೇಕು. 1880ರ ಹೊತ್ತಿಗೆ ಎರಡನೆಯ, ಮೂರನೆಯ ಅವೆನ್ಯೂಗಳ ಮೇಲೆ ಎತ್ತರದ ರೈಲು ಓಡತೊಡಗಿತು. ಅದರ ಹೊಗೆ, ಕೆಂಡ, ಎಣ್ಣೆ ಕೆಳಗಿನ ಬೀದಿಗೆ ಸುರಿಯುತ್ತಿತ್ತು, ಅದರ ಟಿಕೀಟು ಮಾತ್ರ ದಿನಗೂಲಿಯವರ ಕೈಗೆ ಭಾರವಾಗಿಯೇ ಉಳಿಯಿತು. ಜೊತೆಗೆ ಭಾಷೆ ಗೊತ್ತಿರುವ ಅಂಗಡಿ, ಸಾಲ ಕೊಡುವ ನಂಟರು, ಸೂಲಗಿತ್ತಿ, ಪ್ರಾರ್ಥನೆಯ ಸ್ಥಳ ಎಲ್ಲವೂ ಅಲ್ಲೇ ಇದ್ದವು. 1890ರಲ್ಲಿ ನಗರದ ಹತ್ತನೆಯ ವಾರ್ಡಿನಲ್ಲಿ ಎಕರೆಗೆ 500ಕ್ಕೂ ಹೆಚ್ಚು ಜನರಿದ್ದರು, ಅದೂ ಲಿಫ್ಟ್ ಇಲ್ಲದ, ಐದಾರು ಅಂತಸ್ತಿಗಿಂತ ಎತ್ತರಕ್ಕೆ ಹೋಗದ ಕಟ್ಟಡಗಳಲ್ಲಿ.

ಕಾಲರಾ 1832ರಲ್ಲಿ ಬಂತು, 1849ರಲ್ಲಿ ಬಂತು, 1866ರಲ್ಲಿ ಮತ್ತೆ ಬಂತು. ರೋಗ ಬಡವರ ಬೀದಿಯಲ್ಲೇ ನಿಲ್ಲುವುದಿಲ್ಲ ಎಂಬುದು ಮನವರಿಕೆಯಾದ ಮೇಲೆ ಸಿರಿವಂತರಿಗೂ ಟೆನೆಮೆಂಟ್‌ಗಳ ಬಗ್ಗೆ ಆಸಕ್ತಿ ಹುಟ್ಟಿತು. 1866ರಲ್ಲಿ ಆರೋಗ್ಯ ಮಂಡಳಿ ಸ್ಥಾಪನೆಯಾಯಿತು, 1867ರಲ್ಲಿ ಮೊದಲ ಟೆನೆಮೆಂಟ್ ಕಾನೂನು ಬಂತು. ಮೂರಕ್ಕಿಂತ ಹೆಚ್ಚು ಕುಟುಂಬಗಳು ಬೇರೆ ಬೇರೆ ಒಲೆ ಹಚ್ಚಿಕೊಂಡು ಬಾಡಿಗೆಗಿರುವ ಮನೆಯೇ ಟೆನೆಮೆಂಟ್ ಎಂದು ಆ ಕಾನೂನು ಗುರುತಿಸಿತು. ಬೆಂಕಿ ಬಿದ್ದರೆ ಇಳಿದುಹೋಗಲು ಹೊರಮೆಟ್ಟಿಲು ಇರಬೇಕು, 20 ಜನರಿಗೆ ಒಂದಾದರೂ ಶೌಚಾಲಯ ಇರಬೇಕು ಎಂದಿತು. ಇಪ್ಪತ್ತಕ್ಕೆ ಒಂದು ಎಂಬುದು ಆಗ ಸುಧಾರಣೆಯಾಗಿತ್ತು ಎಂದರೆ, ಮೊದಲು ಹೇಗಿದ್ದಿರಬಹುದೆಂದು ಓದುಗರು ಊಹಿಸಿಕೊಳ್ಳಬಹುದು. ಮುಂದೆ 1879ರಲ್ಲಿ ಬಂದ ಕಾನೂನು ಇನ್ನೊಂದು ಹೆಜ್ಜೆ ಮುಂದಿಟ್ಟು, ಹೊಸದಾಗಿ ಕಟ್ಟುವ ಟೆನೆಮೆಂಟ್‌ಗಳಲ್ಲಿ ಮಲಗುವ ಪ್ರತಿ ಕೋಣೆಗೂ ಹೊರಗಾಳಿಗೆ ತೆರೆದ ಕಿಟಕಿ ಇರಬೇಕೆಂದಿತು. ಕಾನೂನು ಚಾಪೆಯ ಕೆಳಗೆ ತೂರಿದರೆ ಕಟ್ಟಡದವರು ರಂಗೋಲಿಯ ಕೆಳಗೆ ತೂರಿದರು. ಅದೇ ಹೊತ್ತಿಗೆ ಕೊಳಾಯಿ ಕೆಲಸ ಮತ್ತು ನೈರ್ಮಲ್ಯಕ್ಕೆ ಮೀಸಲಾದ ಪತ್ರಿಕೆಯೊಂದು ಆದರ್ಶ ಟೆನೆಮೆಂಟಿನ ನಕ್ಷೆಗಾಗಿ ಸ್ಪರ್ಧೆ ನಡೆಸಿತ್ತು. 25 ಅಡಿಯ ನಿವೇಶನದಲ್ಲೇ ಕಟ್ಟಬೇಕು, ಬಾಡಿಗೆದಾರನಿಗೆ ಆರೋಗ್ಯವೂ ಸಿಗಬೇಕು, ಮಾಲೀಕನಿಗೆ ಲಾಭವೂ ಬರಬೇಕು ಎಂಬುದು ಷರತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಗೆದ್ದದ್ದು ಜೇಮ್ಸ್ ವೇರ್ ಎಂಬ ವಾಸ್ತುಶಿಲ್ಪಿಯ ನಕ್ಷೆ. ಕಟ್ಟಡದ ನಡುವನ್ನು ಎರಡೂ ಕಡೆ ಸ್ವಲ್ಪ ಒಳಕ್ಕೆ ಎಳೆದು, ಪಕ್ಕದ ಕಟ್ಟಡದ ಗೋಡೆಗೂ ಅದಕ್ಕೂ ನಡುವೆ ಒಂದು ಕಿರಿದಾದ ಗಾಳಿಗಿಂಡಿ ಬಿಡುವುದು ಅದರ ಉಪಾಯ. ಮೇಲಿನಿಂದ ನೋಡಿದರೆ ವ್ಯಾಯಾಮದ ಡಂಬೆಲ್ ಆಕಾರ ಕಾಣುವುದರಿಂದ ಆ ಮಾದರಿಗೆ ಡಂಬೆಲ್ ಟೆನೆಮೆಂಟ್ ಎಂಬ ಹೆಸರು ನಿಂತಿತು. ಗಾಳಿಗಿಂಡಿಯ ಅಗಲ 28 ಇಂಚು, ಉದ್ದ 50-60 ಅಡಿ, ಆಳ ಕಟ್ಟಡದ ಎತ್ತರದಷ್ಟು. ಇದು ಕಾನೂನಿನ ಅಕ್ಷರಕ್ಕೆ ಒಪ್ಪುವ ಕಿಟಕಿ. ಮೇಲಿನ ಅಂತಸ್ತನ್ನು ಬಿಟ್ಟರೆ ಬೇರೆ ಯಾವ ಅಂತಸ್ತಿಗೂ ಅದರಿಂದ ಬಿಸಿಲು ಬೀಳುತ್ತಿರಲಿಲ್ಲ. ಎದುರು ಬದುರಿನ ಎರಡು ಮನೆಗಳ ಜಗಳ, ಕೆಮ್ಮು, ಹೆರಿಗೆಯ ನೋವಿನ ಕೂಗು ಅದೇ ಗಿಂಡಿಯಲ್ಲಿ ಬೆರೆಯುತ್ತಿದ್ದವು. ಐದು ಅಂತಸ್ತು ಇಳಿದು ಕಸ ಹಾಕಲು ಬೇಸತ್ತವರು ಕಿಟಕಿಯಿಂದಲೇ ಕೆಳಗೆ ಎಸೆಯುತ್ತಿದ್ದರು. ತಳದಲ್ಲಿ ಕೊಳೆತದ್ದನ್ನು ಎತ್ತಲು ದಾರಿಯೇ ಇರುತ್ತಿರಲಿಲ್ಲ. ನಾತ ತಡೆಯಲಾರದೆ ಜನ ಆ ಕಿಟಕಿಗಳನ್ನು ಮುಚ್ಚಿಡುತ್ತಿದ್ದರು. ಬೆಂಕಿ ಬಿದ್ದರೆ ಗಿಂಡಿಯೇ ಚಿಮಣಿಯಾಗಿ ಜ್ವಾಲೆಯನ್ನು ಕೆಳಗಿನ ಮನೆಯಿಂದ ಮೇಲಿನ ಮನೆಗೆ ಒಯ್ಯುತ್ತಿತ್ತು. ಬಹುಮಾನ ಪಡೆದ ಈ ನಕ್ಷೆಯಂತೆ ಮುಂದಿನ ಎರಡು ದಶಕಗಳಲ್ಲಿ ಬೀದಿಗೆ ಬೀದಿಯೇ ಎದ್ದು ನಿಂತಿತು. 1900ರ ಹೊತ್ತಿಗೆ, 34 ಲಕ್ಷ ಜನಸಂಖ್ಯೆಯ ನ್ಯೂಯಾರ್ಕಿನಲ್ಲಿ ಸುಮಾರು 23 ಲಕ್ಷ ಜನ ಟೆನೆಮೆಂಟ್ ಎಂದು ಕಾನೂನು ಕರೆಯುವ ಮನೆಗಳಲ್ಲಿದ್ದರು. ಕೆಟ್ಟ ಉದ್ದೇಶದಿಂದ ಮಾಡಿದ ಕಾನೂನಿಗಿಂತ ಒಳ್ಳೆಯ ಉದ್ದೇಶದ ಅರೆ ಕಾನೂನು ಹೆಚ್ಚು ಕಾಲ ಉಳಿಯುತ್ತದೆ ಎನ್ನುವುದಕ್ಕೆ ಡಂಬೆಲ್ ಕಟ್ಟಡಗಳಷ್ಟು ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಅವುಗಳಲ್ಲಿ ಎಷ್ಟೋ ಇಂದಿಗೂ ನಿಂತಿವೆ.

1896ರ ಆಗಸ್ಟ್‌ನಲ್ಲಿ ಸುಮಾರು ಹತ್ತು ದಿನ ನಗರದ ಮೇಲೆ ಬಿಸಿಗಾಳಿ ಕವಿದುಕೊಂಡಿತು. ಒಳಗೆ ಮಲಗಲಾರದೆ ಜನ ತಾರಸಿಗಳಿಗೆ, ಹೊರಮೆಟ್ಟಿಲುಗಳ ಕಬ್ಬಿಣದ ಕಟ್ಟೆಗಳಿಗೆ, ಹಡಗುಕಟ್ಟೆಗಳಿಗೆ ಹಾಸಿಗೆ ಒಯ್ದರು; ನಿದ್ದೆಗಣ್ಣಿನಲ್ಲಿ ಹೊರಳಿ ಕೆಳಗೆ ಬಿದ್ದು ಸತ್ತವರೂ ಇದ್ದರು. ಸತ್ತವರ ಒಟ್ಟು ಸಂಖ್ಯೆ ಸಾವಿರ ದಾಟಿತು. ಆಗ ಪೊಲೀಸ್ ಆಯೋಗದ ಮುಖ್ಯಸ್ಥನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಬಡವರ ಬೀದಿಗಳಲ್ಲಿ ಉಚಿತವಾಗಿ ಮಂಜುಗಡ್ಡೆ ಹಂಚಿಸಿದ. ಚಳಿಗಾಲದ ಸಾವು ಇಷ್ಟು ಸುದ್ದಿಯಾಗುತ್ತಿರಲಿಲ್ಲ. ಆ ಬೀದಿಗಳಲ್ಲಿ ಕ್ಷಯಕ್ಕೆ ದರ್ಜಿಗಳ ರೋಗ ಎಂದೇ ಹೆಸರಾಗಿತ್ತು.

ದರ್ಜಿಗಳ ಮನೆಯೇ ಕಾರ್ಖಾನೆಯಾಗಿತ್ತು ಎಂಬುದು ಆ ಹೆಸರಿಗೆ ಕಾರಣ. 1890ರ ದಶಕದಲ್ಲಿ ಆರ್ಚರ್ಡ್ ಬೀದಿಯ ಅದೇ 325 ಚದರಡಿಯ ಮನೆಯೊಂದರಲ್ಲಿ ಉಡುಪು ಹೊಲಿಯುವ ಅಂಗಡಿ ನಡೆಯುತ್ತಿತ್ತು. ಈ ಬಗೆಯ ಅಂಗಡಿಯ ಕೆಲಸ ಹೀಗೆ: ದೊಡ್ಡ ವ್ಯಾಪಾರಿ ಬಟ್ಟೆಯನ್ನು ಕತ್ತರಿಸಿ, ಕಟ್ಟು ಕಟ್ಟಿ ಗುತ್ತಿಗೆದಾರನಿಗೆ ಕೊಡುತ್ತಾನೆ. ಗುತ್ತಿಗೆದಾರ ಕಟ್ಟನ್ನು ಹೊತ್ತು ಮನೆಗೆ ತರುತ್ತಾನೆ. ಬೆಳಕಿರುವ ಮುಂಕೋಣೆಯಲ್ಲಿ ಯಂತ್ರದವನು. ಅವನ ಪಕ್ಕದಲ್ಲಿ ತಾತ್ಕಾಲಿಕ ಹೊಲಿಗೆ ಹಾಕುವವನು. ಅಂಚು, ಗುಂಡಿ ನೋಡಿಕೊಳ್ಳುವ ಹುಡುಗಿ. ಅಡುಗೆಯ ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿಕೊಂಡು ನಿಲ್ಲುವ ಇಸ್ತ್ರಿಯವನು. ಅದೇ ಒಲೆಯ ಮೇಲೆ ಮನೆಯೊಡತಿ ಮಕ್ಕಳಿಗೂ ಬೇಯಿಸಬೇಕು. ಬೇಸಿಗೆಯಲ್ಲೂ ಒಲೆ ಆರುವಂತಿಲ್ಲ, ಏಕೆಂದರೆ ಇಸ್ತ್ರಿ ನಿಂತರೆ ಕಟ್ಟು ಮುಗಿಯುವುದಿಲ್ಲ. ಕೂಲಿ ತುಂಡಿನ ಲೆಕ್ಕದಲ್ಲಿ. ಗುತ್ತಿಗೆದಾರ ಇನ್ನೊಬ್ಬ ಗುತ್ತಿಗೆದಾರನಿಗಿಂತ ಕಡಿಮೆ ದರಕ್ಕೆ ಒಪ್ಪಿಕೊಂಡಿರುವುದರಿಂದ, ಆ ಕಡಿತ ಕೊನೆಗೆ ಅಂಚು ಹೊಲಿಯುವ ಹುಡುಗಿಯ ಕೈಗೆ ಬಂದು ನಿಲ್ಲುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಮಧ್ಯರಾತ್ರಿಯವರೆಗೂ ದುಡಿತ, ಉಳಿದ ತಿಂಗಳುಗಳಲ್ಲಿ ಕೆಲಸವೇ ಇಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕೊಡಬೇಕು.

ಈಗಿನ ಚೆಕ್ ದೇಶದ ಬೊಹೀಮಿಯಾದಿಂದ ಬಂದು ಚುಟ್ಟಾ ಸುತ್ತುತ್ತಿದ್ದ ಕುಟುಂಬಗಳ ಸ್ಥಿತಿಯೂ ಹೀಗೇ ಇತ್ತು, ತೊಯ್ದ ತಂಬಾಕಿನ ಎಲೆ ಮಲಗುವ ಕೋಣೆಯಲ್ಲೇ ಒಣಗುತ್ತಿತ್ತು ಎಂಬುದೊಂದೇ ವ್ಯತ್ಯಾಸ. ಚುಟ್ಟಾ ಕೆಲಸಗಾರರ ಸಂಘದ ಸ್ಯಾಮ್ಯುಯೆಲ್ ಗಾಂಪರ್ಸ್, ಆಗಿನ್ನೂ ಎಳೆಯ ಶಾಸಕನಾಗಿದ್ದ ರೂಸ್‌ವೆಲ್ಟ್‌ನನ್ನು ಆ ಮನೆಗಳಿಗೆ ಕರೆದೊಯ್ದು ತೋರಿಸಿದ. ಸರ್ಕಾರ ಇಂಥದ್ದರಲ್ಲಿ ಕೈಹಾಕಬಾರದು ಎಂದು ನಂಬಿದ್ದ ರೂಸ್‌ವೆಲ್ಟ್, ನೋಡಿದ ಮೇಲೆ ನಿಷೇಧದ ಪರವಾದ. 1884ರಲ್ಲಿ ಟೆನೆಮೆಂಟ್‌ಗಳಲ್ಲಿ ಚುಟ್ಟಾ ತಯಾರಿಸುವುದನ್ನು ನಿಷೇಧಿಸುವ ಕಾನೂನೂ ಆಯಿತು. 1885ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕೆಲಸಗಾರನನ್ನು ಅವನ ಮನೆಯಿಂದಲೂ, ಮನೆಯೊಂದಿಗೆ ಬೆಸೆದುಕೊಂಡ ಪವಿತ್ರ ಭಾವನೆಗಳಿಂದಲೂ ಹೊರಗೆಳೆಯುವುದು ಅವನ ಆರೋಗ್ಯಕ್ಕೆ ಹೇಗೆ ಒಳಿತಾದೀತು ಎಂಬುದು ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಒಲೆ, ತೊಟ್ಟಿಲು, ತಂಬಾಕಿನ ರಾಶಿ ಮೂರೂ ಒಂದೇ ಕೋಣೆಯಲ್ಲಿದ್ದ ಮನೆಯನ್ನು ಆ ನ್ಯಾಯಾಧೀಶರಲ್ಲಿ ಒಬ್ಬರಾದರೂ ಹೋಗಿ ನೋಡಿದ್ದರೆ ತೀರ್ಪಿನ ಧಾಟಿ ಬೇರೆಯಾಗಿರುತ್ತಿತ್ತೇನೋ.

ನೋಡದವರಿಗೆ ತೋರಿಸುವ ಕೆಲಸವನ್ನು ಎಲ್ಲರಿಗಿಂತ ಗಟ್ಟಿಯಾಗಿ ಮಾಡಿದವನು ಜೇಕಬ್ ರೀಸ್. ಡೆನ್ಮಾರ್ಕಿನ ರೀಬೆ ಪಟ್ಟಣದಿಂದ 1870ರಲ್ಲಿ ಬಂದು, ಕೆಲಸವಿಲ್ಲದೆ ಪೊಲೀಸ್ ಠಾಣೆಯ ಜಗಲಿಗಳಲ್ಲಿ ಮಲಗಿ, ಕೊನೆಗೆ ಮಲ್ಬೆರಿ ಬೀದಿಯ ಪೊಲೀಸ್ ಕಚೇರಿಯ ವರದಿಗಾರನಾದವನು. 1887ರಲ್ಲಿ ಕತ್ತಲೆಯಲ್ಲೂ ಚಿತ್ರ ತೆಗೆಯಬಲ್ಲ ಮೆಗ್ನೀಸಿಯಂ ಪುಡಿಯ ಸುದ್ದಿ ಓದಿದವನೇ, ರಾತ್ರಿ ಹೊತ್ತು ಕ್ಯಾಮೆರಾ ಹೊತ್ತು ಕಿಟಕಿಯಿಲ್ಲದ ಕೋಣೆಗಳಿಗೆ ನುಗ್ಗಿದ. ಒಮ್ಮೆ ಕುರುಡ ಭಿಕ್ಷುಕರಿದ್ದ ಮನೆಯಲ್ಲಿ ಆ ಪುಡಿ ಸಿಡಿದು ಗೋಡೆಯ ಕಾಗದ, ಚಿಂದಿಗಳಿಗೆ ಬೆಂಕಿ ಹತ್ತಿತು. ಕಷ್ಟಪಟ್ಟು ಆರಿಸಿ ಹೊರಗೆ ಬಂದು ಪೊಲೀಸನಿಗೆ ಹೇಳಿದರೆ, ಆ ಮನೆಗೆ ಎಷ್ಟೋ ಸಲ ಬೆಂಕಿ ಬಿದ್ದಿದೆ, ಗೋಡೆಯ ಮೇಲಿನ ಕೊಳೆಯ ದಪ್ಪಕ್ಕೆ ಅದು ಉರಿಯುವುದೇ ಇಲ್ಲ ಎಂದು ಅವನು ನಕ್ಕನಂತೆ. 1890ರಲ್ಲಿ ಬಂದ ರೀಸ್‌ನ ಪುಸ್ತಕ ಓದಿದವರನ್ನು ತಲ್ಲಣಗೊಳಿಸಿತು. ಬಡವರ ದುರ್ಗುಣದಿಂದ ಮನೆ ಕೆಡುತ್ತದೆ ಎನ್ನುತ್ತಿದ್ದ ಕಾಲದಲ್ಲಿ, ಮನೆಯೇ ಮನುಷ್ಯನನ್ನು ಕೆಡಿಸುತ್ತದೆ ಎಂದು ಅವನು ವಾದಿಸಿದ. ಆದರೆ ಅದೇ ಪುಟಗಳಲ್ಲಿ ಚೀನೀಯರನ್ನು, ಯಹೂದಿಗಳನ್ನು, ಇಟಲಿಯವರನ್ನು ಜಾತಿಗೊಂದು ಗುಣ ಅಂಟಿಸಿ ಅಳೆಯುತ್ತಾನೆ. ಚೀನೀಯರ ಬಗ್ಗೆ ಬರೆದದ್ದಂತೂ ಓದಲು ಮುಜುಗರವಾಗುತ್ತದೆ. ತಾನು ಮಲಗಿದ್ದ ಜಗಲಿಯನ್ನು ಮರೆಯದ ವಲಸಿಗ, ತನಗಿಂತ ತಡವಾಗಿ ಬಂದ ವಲಸಿಗರ ಮೇಲೆ ತೀರ್ಪು ಕೊಡುವುದು ಆ ಕಾಲಕ್ಕಷ್ಟೇ ಸೀಮಿತವಾದ ರೋಗವಲ್ಲ.

ಆಡಳಿತದ ಮಾತು ಬಂದರೆ, ಟ್ಯಾಮನಿ ಹಾಲ್ ಎಂಬ ಡೆಮಾಕ್ರಟಿಕ್ ಪಕ್ಷದ ಯಂತ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೆಂಕಿ ಬಿದ್ದ ಮನೆಗೆ ಎಲ್ಲರಿಗಿಂತ ಮೊದಲು ಬರುವವನು, ಚಳಿಗಾಲಕ್ಕೆ ಕಲ್ಲಿದ್ದಲು ಕೊಡಿಸುವವನು, ಜೈಲಿಗೆ ಹೋದ ಮಗನನ್ನು ಬಿಡಿಸುವವನು ಅದರ ವಾರ್ಡಿನ ಮುಖಂಡ. ಅದಕ್ಕೆ ಬದಲಾಗಿ ಅವನು ಕೇಳುತ್ತಿದ್ದದ್ದು ಒಂದು ಮತ. ಆ ಮತದ ಬಲದಿಂದ ಗುತ್ತಿಗೆ, ಜಮೀನು, ಲಂಚಗಳಲ್ಲಿ ಅವನು ದುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಸುಧಾರಕರು ಟ್ಯಾಮನಿಯನ್ನು ಸೋಲಿಸಿ ಗದ್ದುಗೆಗೆ ಬಂದಾಗ ಬೀದಿ ಸ್ವಚ್ಛವಾದದ್ದೂ ನಿಜ. 1895ರಲ್ಲಿ ಬೀದಿ ಗುಡಿಸುವ ಇಲಾಖೆಯನ್ನು ವಹಿಸಿಕೊಂಡ ಜಾರ್ಜ್ ವೇರಿಂಗ್, ಗುಡಿಸುವವರಿಗೆ ಬಿಳಿ ಸಮವಸ್ತ್ರ ತೊಡಿಸಿ, ಅದುವರೆಗೆ ಕುದುರೆ ಲದ್ದಿ, ಬೂದಿ, ಸತ್ತ ಪ್ರಾಣಿಗಳು ಮೊಣಕಾಲೆತ್ತರ ಬಿದ್ದಿರುತ್ತಿದ್ದ ಬೀದಿಗಳ ಕಲ್ಲುಹಾಸು ಕಾಣುವಂತೆ ಮಾಡಿದ. ಆದರೆ ಸುಧಾರಕರು ಭಾನುವಾರ ಬಿಯರ್ ಅಂಗಡಿ ಮುಚ್ಚಿಸಲು ತೋರಿದಷ್ಟೇ ಉತ್ಸಾಹವನ್ನು ಬಾಡಿಗೆ ಇಳಿಸಲು ತೋರಲಿಲ್ಲ. ಬಡವರು ಮತ್ತೆ ಟ್ಯಾಮನಿಗೇ ಮತ ಹಾಕಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಇವೆರಡರ ನಡುವೆ, 1893ರಲ್ಲಿ ನರ್ಸ್ ಲಿಲಿಯನ್ ವಾಲ್ಡ್ ಆ ಬೀದಿಗಳಲ್ಲೇ ಮನೆ ಮಾಡಿಕೊಂಡು, ಮೆಟ್ಟಿಲು ಹತ್ತಿ ರೋಗಿಗಳ ಹಾಸಿಗೆಯ ಬಳಿಗೇ ಹೋಗುವ ಶುಶ್ರೂಷೆಯನ್ನು ಆರಂಭಿಸಿದರು. ಷಿಕಾಗೋದಲ್ಲಿ 1889ರಲ್ಲೇ ವಲಸಿಗರಿಗೆ ನೆರವಾಗುವ ಹಲ್ ಹೌಸ್ ಎಂಬ ಕೇಂದ್ರ ತೆರೆದಿದ್ದ ಜೇನ್ ಆಡಮ್ಸ್, ಕಸ ಎತ್ತದ ಗುತ್ತಿಗೆದಾರರ ಬೆನ್ನು ಹತ್ತಲು ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಹುದ್ದೆಯನ್ನೇ ವಹಿಸಿಕೊಂಡರು.

ಇವರೆಲ್ಲರ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಒಳಗೋಡೆಯ ಹಿಂದೆ ಬಾಳಿದವರು ತಾವೇ ಮಾಡಿಕೊಂಡದ್ದರ ಕಡೆಗೆ ನನ್ನ ಗಮನ ಹೆಚ್ಚು. ಒಂದೊಂದು ಊರಿನಿಂದ ಬಂದ ಯಹೂದಿಗಳು ಆ ಊರಿನ ಹೆಸರಿನಲ್ಲೇ ಸಂಘ ಕಟ್ಟಿಕೊಂಡರು. ವಾರದ ವಂತಿಗೆ, ಕಾಯಿಲೆ ಬಿದ್ದರೆ ನೆರವು, ಸಂಘದ ವೈದ್ಯ, ಎಲ್ಲಕ್ಕಿಂತ ಮುಖ್ಯವಾಗಿ ಸ್ಮಶಾನದಲ್ಲಿ ಸ್ವಂತ ಜಾಗ. ಅಮೆರಿಕದ ನಮ್ಮ ಕನ್ನಡ ಕೂಟಗಳೂ ಒಂದೇ ಭಾಷೆಯ, ಊರಿನ ಜನರನ್ನು ಸೇರಿಸುತ್ತವೆ, ಆದರೆ ಅವು ಹುಟ್ಟಿದ್ದು ಯುಗಾದಿ, ರಾಜ್ಯೋತ್ಸವಗಳಿಗಾಗಿ; ಹೆಣ ಹೂಳಲು ಜಾಗ ಕೊಳ್ಳುವುದು ಅವುಗಳ ಮೊದಲ ಚಿಂತೆಯಾಗಿರಲಿಲ್ಲ. 1917ರ ಕಾನೂನು ಭಾರತೀಯರ ವಲಸೆಗೆ ಬಾಗಿಲು ಮುಚ್ಚಿತ್ತು. 1965ರ ಕಾನೂನು ಅದನ್ನು ತೆರೆದಾಗ ಒಳಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಪದವಿ ಪಡೆದವರು. ಆ ದರ್ಜಿಗಳ ಕಥೆಯನ್ನು ನಮ್ಮ ಕಥೆಯೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ.

1902ರ ಮೇ ತಿಂಗಳಲ್ಲಿ ಧರ್ಮಸಮ್ಮತವಾದ ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18 ಸೆಂಟಿಗೆ ಏರಿತು. ಲೋಯರ್ ಈಸ್ಟ್ ಸೈಡ್‌ನ ಗೃಹಿಣಿಯರು ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸಿ, ಯಾರೂ ಮಾಂಸ ಕೊಳ್ಳಬಾರದೆಂದು ಕಟ್ಟು ಮಾಡಿದರು. ಅಂಗಡಿಗಳಿಗೆ ನುಗ್ಗಿ ಮಾಂಸವನ್ನು ಬೀದಿಗೆ ಎಸೆದರು, ಸೀಮೆಎಣ್ಣೆ ಸುರಿದರು, ಬಂಧನಕ್ಕೊಳಗಾದರು. ಶನಿವಾರದ ಪ್ರಾರ್ಥನೆಯ ನಡುವೆ ಸಿನಗಾಗ್‌ಗಳಿಗೆ ಹೋಗಿ ಗಂಡಸರ ಬೆಂಬಲ ಕೇಳಿದರು. ಜೂನ್ ಹೊತ್ತಿಗೆ ಬೆಲೆ 14 ಸೆಂಟಿಗೆ ಇಳಿಯಿತು. ಎರಡು ವರ್ಷಗಳ ನಂತರ ಮನೆ ಬಾಡಿಗೆ ಏರಿದಾಗ ಅದೇ ಹೆಂಗಸರು ಅದೇ ವಿಧಾನವನ್ನು ಮಾಲೀಕರ ಮೇಲೆ ಪ್ರಯೋಗಿಸಿದರು. 1907ರ ಚಳಿಗಾಲದ ಬಾಡಿಗೆ ಮುಷ್ಕರದ ಮುಂದಾಳು ಪಾಲಿನ್ ನ್ಯೂಮನ್, ಇನ್ನೂ ಹದಿಹರೆಯ ದಾಟಿರದ, ಹಗಲು ಬ್ಲೌಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿ. ಅಂತಸ್ತಿಗೆ ನಾಲ್ಕು ಮನೆ, ಒಂದೇ ಮೆಟ್ಟಿಲು, ಒಂದೇ ಗಾಳಿಗಿಂಡಿ ಇರುವ ಕಟ್ಟಡದಲ್ಲಿ ಸುದ್ದಿ ಹಬ್ಬಿಸಲು ಕರಪತ್ರದ ಅಗತ್ಯವೇ ಇರಲಿಲ್ಲ. ಬಾಡಿಗೆಯ ಲಾಭಕ್ಕೆಂದು ಹಾಕಿದ ನಕ್ಷೆ ಬಾಡಿಗೆದಾರರ ಸಂಘಟನೆಗೂ ಒದಗಿತು, ಇದನ್ನು ನಕ್ಷೆ ಬರೆದವರು ಖಂಡಿತ ಲೆಕ್ಕ ಹಾಕಿರಲಿಲ್ಲ.

ಕಾನೂನಿನ ಕಡೆಗೆ ಮತ್ತೆ ಬರೋಣ. 1900ರಲ್ಲಿ ಲಾರೆನ್ಸ್ ವೀಲರ್ ಎಂಬ ಯುವಕ ಟೆನೆಮೆಂಟ್‌ಗಳ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸಿದ. ಅದರಲ್ಲಿ ಎಲ್ಲರ ಕಣ್ಣು ಸೆಳೆದದ್ದು ಕ್ರಿಸ್ಟಿ, ಫಾರ್ಸೈತ್, ಕನಾಲ್, ಬೇಯಾರ್ಡ್ ಬೀದಿಗಳ ನಡುವಿನ ಒಂದೇ ಒಂದು ಚೌಕದ ರಟ್ಟಿನ ಮಾದರಿ. 39 ಟೆನೆಮೆಂಟ್‌ಗಳು, 2,781 ಜನ, 264 ಶೌಚಾಲಯಗಳು, ಬಿಸಿನೀರಿನ ಕೊಳಾಯಿ ಇದ್ದದ್ದು 40 ಮನೆಗಳಿಗೆ ಮಾತ್ರ, ಸ್ನಾನದ ತೊಟ್ಟಿ ಒಂದೂ ಇಲ್ಲ. ಜೊತೆಗೆ ಕ್ಷಯ ಬಿದ್ದ ಮನೆಗಳನ್ನು ಚುಕ್ಕೆ ಇಟ್ಟು ಗುರುತಿಸಿದ ನಕ್ಷೆಗಳು. ಮರುವರ್ಷ, 1901ರಲ್ಲಿ, ಹೊಸ ಕಾನೂನು ಬಂತು. ಗಾಳಿಗಿಂಡಿಯ ಬದಲು ನಿಜವಾದ ಅಂಗಳ ಬಿಡಬೇಕು, ಹೊಸ ಮನೆಗಳಲ್ಲಿ ಮನೆಗೊಂದು ಶೌಚಾಲಯ, ನೀರು ಇರಬೇಕು, ಹಳೆಯ ಕಟ್ಟಡಗಳ ಕತ್ತಲೆ ಕೋಣೆಗಳಿಗೆ ಪಕ್ಕದ ಕೋಣೆಗಾದರೂ ತೆರೆಯುವ ಕಿಟಕಿ ಇರಬೇಕು. ಆರಂಭದಲ್ಲಿ ಹೇಳಿದ ಕಿಟಕಿಗಳ ಮೂಲ ಇದು. ಹಿಂದಿನ ಕಾನೂನುಗಳಿಗಿಂತ ಇದು ಭಿನ್ನವಾದದ್ದು ಅಳತೆಗಳಿಂದಷ್ಟೇ ಅಲ್ಲ. ಅದನ್ನು ಜಾರಿ ಮಾಡಲೆಂದೇ ಪ್ರತ್ಯೇಕ ಇಲಾಖೆ, ಮನೆಮನೆಗೆ ಹೋಗುವ ಇನ್ಸ್‌ಪೆಕ್ಟರುಗಳು ಬಂದರು. ಹಿತ್ತಿಲ ಶೌಚಾಲಯ ತೆಗೆದು ಒಳಗೆ ಕಟ್ಟಿಸಲು ಒಪ್ಪದ ಮಾಲೀಕರು ಮೋಷೆನ್ ಎಂಬ ಮಾಲೀಕಳ ಪ್ರಕರಣವನ್ನು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಯ್ದು 1906ರಲ್ಲಿ ಸೋತರು. ಆರ್ಚರ್ಡ್ ಬೀದಿಯ ಕಟ್ಟಡದಲ್ಲಿ ಅಂತಸ್ತಿಗೆ ಎರಡರಂತೆ ಶೌಚಾಲಯಗಳು ಬಂದದ್ದು ಆ ಸುಮಾರಿಗೇ, ಅಂದರೆ ಕಟ್ಟಿದ ನಾಲ್ಕು ದಶಕಗಳ ನಂತರ.

ಕಾರ್ಖಾನೆಗಳು ಮನೆಯಿಂದ ಹೊರಗೆ, ದೊಡ್ಡ ಕಟ್ಟಡಗಳಿಗೆ ಹೋದವು, ಹೋದಲ್ಲಿ ಬೆಳಕೂ ಇತ್ತು. ಪಾಲಿನ್ ನ್ಯೂಮನ್ ಬಾಲ್ಯದಲ್ಲಿ ದುಡಿದಿದ್ದ ಟ್ರಯಾಂಗಲ್ ಬ್ಲೌಸ್ ಕಾರ್ಖಾನೆ ಬೆಂಕಿಗೆ ಜಗ್ಗದ ಹತ್ತಂತಸ್ತಿನ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿತ್ತು. 1911ರ ಮಾರ್ಚ್ 25ರ ಶನಿವಾರ ಸಂಜೆ ಅಲ್ಲಿ ಬೆಂಕಿ ಬಿದ್ದಾಗ, ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು, ಹೊರಮೆಟ್ಟಿಲು ಕುಸಿಯಿತು, ಅಗ್ನಿಶಾಮಕದವರ ಏಣಿ ಆರನೆಯ ಅಂತಸ್ತಿಗಿಂತ ಮೇಲೆ ಮುಟ್ಟಲಿಲ್ಲ. 146 ಜನ ಸತ್ತರು, ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಯುವತಿಯರು. ಎಷ್ಟೋ ಜನ ಕಿಟಕಿಗಳಿಂದ ಹಾರಿದರು. ಮಾಲೀಕರಿಬ್ಬರೂ ಅದೇ ವರ್ಷದ ಡಿಸೆಂಬರಿನಲ್ಲಿ ಖುಲಾಸೆಯಾದರು. ಆ ಸಂಜೆ ಬೀದಿಯಲ್ಲಿ ನಿಂತು ನೋಡಿದವರಲ್ಲಿ ಮುಂದೆ ಅಮೆರಿಕದ ಕಾರ್ಮಿಕ ಸಚಿವೆಯಾದ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬರು. ಬಳಿಕ ನೇಮಕವಾದ ತನಿಖಾ ಆಯೋಗವನ್ನು ಮುನ್ನಡೆಸಿದವರು ರಾಬರ್ಟ್ ವ್ಯಾಗ್ನರ್ ಮತ್ತು ಆಲ್ ಸ್ಮಿತ್, ಇಬ್ಬರೂ ಟ್ಯಾಮನಿಯವರೇ. ಲಂಚದ ಯಂತ್ರವೆಂದು ಸುಧಾರಕರು ಬೈಯುತ್ತಿದ್ದ ಪಕ್ಷದಿಂದಲೇ ರಾಜ್ಯದ ಅತ್ಯುತ್ತಮ ಕಾರ್ಖಾನೆ ಕಾನೂನುಗಳು ಬಂದವು.

ಲೋಯರ್ ಈಸ್ಟ್ ಸೈಡ್ ಬರಿದಾಗತೊಡಗಿದ್ದು ಕಾನೂನಿಗಿಂತ ಹೆಚ್ಚಾಗಿ ಸಾರಿಗೆಯಿಂದ. 1903ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ ತೆರೆಯಿತು, 1904ರಲ್ಲಿ ಐದು ಸೆಂಟಿನ ಸುರಂಗ ರೈಲು ಓಡಿತು. ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದ ಕುಟುಂಬಗಳು ಬ್ರೂಕ್ಲಿನ್‌ಗೆ, ಬ್ರಾಂಕ್ಸ್‌ಗೆ ಹೋದವು. 1924ರ ಕಾನೂನು ಪೂರ್ವ ಮತ್ತು ದಕ್ಷಿಣ ಯೂರೋಪಿನಿಂದ ಬರುವವರ ಸಂಖ್ಯೆಯನ್ನು ಹಿಂಡಿ ಹಾಕಿದ ಮೇಲೆ ಖಾಲಿಯಾದ ಮನೆಗಳಿಗೆ ಹೊಸಬರು ಬರಲಿಲ್ಲ. 1935ರಲ್ಲಿ ಆರ್ಚರ್ಡ್ ಬೀದಿಯ ಕಟ್ಟಡದ ಮಾಲೀಕನ ಮುಂದೆ, ಬೆಂಕಿ ತಡೆಯುವಂತೆ ಮೆಟ್ಟಿಲು ಮತ್ತು ನಡುಹಾದಿಗಳನ್ನು ಬದಲಿಸಬೇಕಾದ ಖರ್ಚು ನಿಂತಿತು. ಆ ಖರ್ಚಿಗಿಂತ ಬಾಡಿಗೆದಾರರನ್ನು ಹೊರಗೆ ಹಾಕುವುದೇ ಲಾಭವೆಂದು ಅವನು ಮೇಲಿನ ಅಂತಸ್ತುಗಳನ್ನು ಮುಚ್ಚಿ, ಕೆಳಗಿನ ಅಂಗಡಿಗಳ ಬಾಡಿಗೆಯನ್ನಷ್ಟೇ ಇಟ್ಟುಕೊಂಡ. 1988ರಲ್ಲಿ ಮ್ಯೂಸಿಯಂ ಸ್ಥಾಪಿಸಿದವರ ಕಣ್ಣಿಗೆ ಮನೆಗಳು ಹಾಗೇ ಸಿಕ್ಕಿದ್ದು ಆ ಲೆಕ್ಕಾಚಾರದಿಂದಲೇ.

ಅದೇ 1935ರ ಡಿಸೆಂಬರಿನಲ್ಲಿ, ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಅವೆನ್ಯೂ ಎ ಮತ್ತು ಮೂರನೆಯ ಬೀದಿ ಸೇರುವಲ್ಲಿ ನಗರದ ವಸತಿ ಪ್ರಾಧಿಕಾರ ಫಸ್ಟ್ ಹೌಸಸ್ ಎಂಬ 122 ಮನೆಗಳನ್ನು ತೆರೆಯಿತು. ಸಾಲಿನಲ್ಲಿದ್ದ ಹಳೆಯ ಟೆನೆಮೆಂಟ್‌ಗಳಲ್ಲಿ ಪ್ರತಿ ಮೂರನೆಯದನ್ನು ಕೆಡವಿ, ಉಳಿದವುಗಳಿಗೆ ಪಕ್ಕದಿಂದಲೂ ಬೆಳಕು ಬಿಡುವುದು ಮೊದಲ ಯೋಜನೆ. ಕೆಲಸ ಶುರುವಾದ ಮೇಲೆ ಹಳೆಯ ಗೋಡೆಗಳು ನಿಲ್ಲುವುದಿಲ್ಲವೆಂದು ಗೊತ್ತಾಗಿ ಹೆಚ್ಚಿನದನ್ನು ಹೊಸದಾಗಿಯೇ ಕಟ್ಟಬೇಕಾಯಿತು. ಪಕ್ಕದಲ್ಲಿ ಬಿಟ್ಟ ಖಾಲಿ ಜಾಗಕ್ಕೆ ಬಾಡಿಗೆ ಹುಟ್ಟುವುದಿಲ್ಲ, ಆದ್ದರಿಂದ ಖಾಸಗಿ ಮಾಲೀಕರಲ್ಲಿ ಹೆಚ್ಚಿನವರು ಎಪ್ಪತ್ತು ವರ್ಷಗಳಲ್ಲೂ ಅದನ್ನು ಮನಸಾರೆ ಬಿಟ್ಟಿರಲಿಲ್ಲ; ಸರ್ಕಾರದ ಹಣ ಬಂದಾಗ ಮಾತ್ರ ಅದು ಸಾಧ್ಯವಾಯಿತು. ಆ 122 ಮನೆಗಳಿಗೆ ಸಾವಿರಾರು ಕುಟುಂಬಗಳು ಅರ್ಜಿ ಹಾಕಿದವು.